ಕ್ಷುಬ್ಧಧಾರೆಯಲ್ಲಿ ಮಹಾವರ್ತಗಳು

ಹಾನಗಲ್ಲು ಶಿಗ್ಗಾಂವಿಗಳು ಮಲೆನಾಡಿನ ಸೆರಗು. ಸವಣೂರು ಬಯಲಿನ ಕಡೆಯದು. ಹಿರೇಕೆರೂರು ಕೆರೆಗಳ ಸೀಮೆ. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ನೆಲದ ಕಾವಿನಿಂದ ಈ ನಾಲ್ಕೆಡೆಗಳಲ್ಲಿಯೂ ರಾಶಿಮೋಡಗಳೇಳುವುದುಂಟು. ಅವುಗಳಲ್ಲಿ ಕೆಲವು ಗೋಪುರದಂತೆ ಬೆಳೆದು ಗುಡುಗಿನೊಡನೆ ಮಳೆಗರೆವುವು. ಹಲವು ಅರ್ಧದಲ್ಲಿಯೇ ಕರಗುವುವು. ಬಿತ್ತನೆಗೆ ಹೊಲವನ್ನು ಹದಮಾಡಿಕೊಳ್ಳುವ ರೈತನ ಕಣ್ಣೆಲ್ಲ ಈ ಭೇದದ ಮೇಲೆಯೇ ಇರುವುದು. ಇದರ ಕಾರಣವನ್ನು ಅರಿಯಬೇಕಾದರೆ ಧಾರೆಯ ಸ್ವರೂಪವನ್ನು ಮೊದಲು ತಿಳಿಯತಕ್ಕುದು.

ಮಾಸೂರ ಬಳಿಯ ಮದಗದ ಕೆರೆಯು ಹೆಸರಾದುದಷ್ಟೆ. ಅಂತಹುದೊಂದು ಕೆರೆಯ ತೂಬಿನ ಬಾಯಿ ನಿಂತ ನೀರಿನೊಳಗೆ ಮುಳುಗಿರುವುದೆಂದು ಭಾವಿಸಬೇಕು. ಹೊರಟ ಧಾರೆಯು ಸುತ್ತಣ ನೀರನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತ ಹಿಗ್ಗುವುದು. ಬಾಯಗಲದ ೩೦ರಷ್ಟು ದೂರ ಹೋಗುವಷ್ಟರಲ್ಲಿ ಅದರ ಹರಿವು ಮೊದಲಿನ ಸುಮಾರು ೧೦ರಷ್ಟಾಗುವುದು. ಅದರಲ್ಲಿ ತನ್ನದು ಒಂದು ಪಾಲು. ಮಿಕ್ಕುದೆಲ್ಲ ನೆರೆಯಿಂದ ಬಂದುದು! ಇದನ್ನು ಒಳಸೆಳೆತವೆನ್ನಬಹುದು.

ಕದಡಿ ಹರಿಯುವ ಇಂತಹ ಧಾರೆಗೆ ಕ್ಷುಬ್ಧಧಾರೆಯೆಂಬ ಹೆಸರು ಒಪ್ಪುವುದು. ೧೮೮೩ರಲ್ಲಿ ಆಸ್ಬೋರ್ನ್ ರೆನಾಲ್ಡ್ಸನು ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆಯನ್ನು ಬಿಟ್ಟು, ನೆಟ್ಟನೆಯ ಹರಿವು ಕ್ಷುಬ್ಧವಾಗುವ ಬಗೆಯನ್ನು ತೋರಿಸಿದನು. ಆ ಬಳಿಕ ಬಹುಕಾಲ ಈ ಕ್ಷೋಭೆಯನ್ನು ಕ್ರಮವಿಲ್ಲದ ಗೊಂದಲವೆಂದೇ ಹೆಚ್ಚಾಗಿ ಎಣಿಸುತ್ತಿದ್ದರು. ೧೯೭೧ರಲ್ಲಿ ಕ್ರೋ, ಷಾಂಪೇನ್ ಎಂಬವರು ಧಾರೆಯಲ್ಲಿಯೂ, ೧೯೭೪ರಲ್ಲಿ ಬ್ರೌನ್, ರಾಷ್ಕೊ ಎಂಬವರು ಬೇರೆಬೇರೆ ವೇಗದ ಎರಡು ಹರಿವುಗಳ ಸಂಧಿಯಲ್ಲಿಯೂ, ಗೊಂದಲದ ನಡುವೆಯೇ ಕ್ರಮವುಳ್ಳ ದೊಡ್ಡ ಸುಳಿಗಳಿರುವುದನ್ನು ಪ್ರಕಟಿಸಿದರು. ಅಮರಸಿಂಹನು ನೀರಿನ ತಿರುಗುವಿಕೆಯನ್ನು ಆವರ್ತವೆಂದಿರುವನು. ಧಾರೆಯ ಅಗಲಕ್ಕೆ ಸರಿಗಟ್ಟುವ ಇವುಗಳಿಗೆ ಮಹಾವರ್ತವೆಂಬ ಪದವು ಯುಕ್ತವಾದುದು. ಸುಳಿಯೆಂಬ ದೇಶ್ಯವೂ ಸಾಲದೆಂದಲ್ಲ. ಆದರೆ ಅದು ಬಾಳೆಯ ಸುಳಿಯೂ ನೆತ್ತಿಯ ಸುಳಿಯೂ ಆಗಬಲ್ಲುದು. ಒಳಸೆಳೆತದಲ್ಲಿ ಅಂಚಿನ ಕಿರುಸುಳಿಗಳ ಪಾಲೆಷ್ಟೆಂಬ ವಾದವು ವಿದ್ವಾಂಸರಲ್ಲಿ ಉಂಟು. ಮಹಾವರ್ತಗಳ ಪಾತ್ರವು ದೊಡ್ಡದೆಂಬುದನ್ನು ಅಲ್ಲಗಳೆಯುವವರು ವಿರಳ.

ರಾಶಿಮೋಡವೂ ಒಂದು ಬಗೆಯ ಊರ್ಧ್ವಧಾರೆಯೇ. ಅದು ಸುತ್ತಣ ಒಣಗಾಳಿಯನ್ನು ಸೆಳೆದಷ್ಟೂ ಹನಿಗಳು ಆರಿ, ಮೋಡವು ತಣ್ಣಗಾಗಿ ಕುಗ್ಗುವುದು. ತೂಬಿನ ಲೆಕ್ಕವನ್ನೇ ಹಿಡಿದರೆ ಗೋಪುರದಂತಹ ಮೋಡಕ್ಕೆ ಸಮಾಧಾನ ದೊರೆಯದು. ಭೇದವಿರುವುದು ಇಲ್ಲಿ: ಒಂದು ಗ್ರಾಂ ಹಬೆಯು ಹನಿಗೂಡುವಾಗ ಸುಮಾರು ೬೦೦ ಕ್ಯಾಲೊರಿ ಶಾಖವನ್ನು ಬಿಡುವುದು. ಎಂದರೆ ಮೋಡವೆಂಬ ಧಾರೆಗೆ ಬುಡದಲ್ಲಿ ಮಾತ್ರವಲ್ಲದೆ ನಡುದಾರಿಯಲ್ಲಿಯೂ ಕಾವು ಒದಗುವುದು.

ಈ ನಡುದಾರಿಯ ಕಾವಿನ ಫಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎಸ್. ಭಟ್, ರೊದ್ದಂ ನರಸಿಂಹ (೧೯೩೩–೨೦೨೦) ಇವರು ಪರೀಕ್ಷಿಸಿ ೧೯೯೬ರಲ್ಲಿ ಪ್ರಕಟಿಸಿದರು. ಅವರ ಉಪಾಯವು ಜಾಣ್ಮೆಯದು. ತೊಟ್ಟಿಯಲ್ಲಿ ಲವಣಾಂಶ ಕಳೆದ ಶುದ್ಧಜಲವನ್ನು ತುಂಬಿ, ಆಮ್ಲ ಬೆರಸಿದ ನೀರನ್ನು ಅದರಲ್ಲಿ ಧಾರೆಯಾಗಿ ಹರಿಯಿಸಿದರು. ಆಮ್ಲಜಲವು ವಿದ್ಯುತ್ತನ್ನು ಒಯ್ಯುವುದು, ಶುದ್ಧಜಲವು ಒಯ್ಯದೆಂದೇ ಹೇಳಬೇಕು. ಆದುದರಿಂದ ನಡುವೆ ತಂತಿಬಲೆಗಳನ್ನಿಟ್ಟು ವಿದ್ಯುತ್ತನ್ನು ಹಾಯಿಸಿದಾಗ ಧಾರೆಯು ಮಾತ್ರ ಕಾಯ್ದಿತು. ಕಾದೆಡೆಯಿಂದ ಮುಂದಕ್ಕೆ ಮಹಾವರ್ತಗಳು ಚೆದುರಿದುವು, ಧಾರೆಯ ಹಿಗ್ಗುವಿಕೆಯು ತಗ್ಗಿತು, ಒಳಸೆಳೆತವೂ ಕಡಮೆಯಾಯಿತು. ಹಬೆಯನ್ನು ಹೇರಳವಾಗಿ ಹೊತ್ತ ಮೋಡವು ನೆರೆಯ ಒಣಗಾಳಿಯಿಂದ ಅಷ್ಟಾಗಿ ತೆಳುವಾಗದೆ ಮೇಲೇರುವುದು ಹೇಗೆಂಬುದಕ್ಕೆ ಹೀಗೊಂದು ಉತ್ತರ ದೊರೆಯಿತು. ತೊಟ್ಟಿಯಲ್ಲಿ ಅಡ್ಡಗಾಳಿಯಿಲ್ಲ, ಧೂಳಿಲ್ಲ. ಆ ಮಟ್ಟಿಗೆ ಅದು ಬಯಲಿನ ಬಾನಲ್ಲ. ಆದರೂ ಹಬೆ ಸಾಲದೆಡೆ ಕಾವೂ ಸಾಲದು; ಮಹಾವರ್ತಗಳು ಮುರಿಯದೆ ಉಳಿದು, ಒಣಗಾಳಿಯನ್ನು ಬಾಚುತ್ತಲೇ ಇರುವುವು.