ಚಂದ್ರನಿಗಿಂತ ಮೊದಲು ಹಾನಗಲ್ಲಿಗೆ
2019ರ ಆಗಸ್ಟ್ ಮಳೆಗೆ ಹಾವೇರಿ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಕುಸಿದವು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಮತ್ತೆ ಮನೆ ಕಟ್ಟುವವರು ನೆಚ್ಚುವುದು ಸುಟ್ಟ ಇಟ್ಟಿಗೆ, ಸಿಮೆಂಟನ್ನೇ. ಆದರೆ ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲೇ ಸುಮಾರು ಶೇ 7.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಇಸ್ರೊ ಜೊತೆಗೂಡಿ 2020ರಲ್ಲಿ ಬೇರೊಂದು ದಾರಿ ತೋರಿತು. ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ, ಕ್ಯಾಲ್ಸಿಯಂ, ಗೋರಿಕಾಯಿ ಬೀಜದ ಅಂಟು ಬೆರೆಸಿ, ಭಟ್ಟಿಯಲ್ಲಿ ಸುಡದೆಯೇ ಇಟ್ಟಿಗೆಯಂಥ ಗಟ್ಟಿಯನ್ನು ರೂಪಿಸಿತು. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದಾಗ ಮೂಡುವ ಸುಣ್ಣದ ಹರಳುಗಳು ಕಣಗಳನ್ನು ಬೆಸೆಯುತ್ತವೆ.

ಕಾರ್ಖಾನೆಯ ಯೂರಿಯಾಕ್ಕೂ ಇಂಗಾಲದ ಲೆಕ್ಕವುಂಟು. ಉಳಿಯುವ ಅಮೋನಿಯಾ ಬಾವಿಯ ನೀರನ್ನು ಸೇರಬಾರದು. ಆದ್ದರಿಂದಲೇ ಈ ಇಟ್ಟಿಗೆಯನ್ನು ಹಳ್ಳಿಯ ಒಂದು ಗೋಡೆಯಲ್ಲಿಟ್ಟು, ಮಳೆಗಾಲಕ್ಕೊಡ್ಡಿ ಪರೀಕ್ಷಿಸಬೇಕೆಂಬುದು ನನ್ನ ಆಗ್ರಹ. ಚಂದ್ರನಲ್ಲಿ ಮಳೆಯಿಲ್ಲ, ಅವಸರವೂ ಇಲ್ಲ. ಹಾನಗಲ್ಲಿಗೆ ಎರಡೂ ಉಂಟು.