ಖಿನ್ನತೆಯ ಜೀನ್ ಎಲ್ಲಿದೆ?

ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಬದುಕನ್ನು ವಿಜ್ಞಾನಿಗಳು ದಶಕಗಳಿಂದ ಗಮನಿಸುತ್ತ ಬಂದಿದ್ದಾರೆ. ಆ ಮಕ್ಕಳಿಗೆ 26 ತುಂಬಿದಾಗ ಅವ್‌ಷಲೋಮ್ ಕ್ಯಾಸ್ಪಿ ಎಂಬ ಮನೋವಿಜ್ಞಾನಿಯ ತಂಡಕ್ಕೆ ಒಂದು ಪ್ರಶ್ನೆ ಕಾಡಿತು. ಕೆಲಸ ಹೋಗುತ್ತದೆ, ಪ್ರೀತಿ ಮುರಿಯುತ್ತದೆ, ಸಾಲ ಏರುತ್ತದೆ. ಪೆಟ್ಟು ಒಂದೇ ಆದರೂ ಒಬ್ಬರು ಕುಸಿಯುತ್ತಾರೆ, ಇನ್ನೊಬ್ಬರು ಸಾವರಿಸಿಕೊಳ್ಳುತ್ತಾರೆ. ಏಕೆ?

ಉತ್ತರ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮರಳಿ ಹೀರಿಕೊಳ್ಳುವ ಪ್ರೋಟೀನಿನ ಜೀನಿಗೆ ಅಂಟಿಕೊಂಡ ಒಂದು ತುಣುಕು ಕೆಲವರಲ್ಲಿ ಗಿಡ್ಡ, ಕೆಲವರಲ್ಲಿ ಉದ್ದ. ಐದು ವರ್ಷಗಳಲ್ಲಿ ನಾಲ್ಕು ಅಥವಾ ಹೆಚ್ಚು ಪೆಟ್ಟು ತಿಂದವರ ಪೈಕಿ ಗಿಡ್ಡ ತುಣುಕಿನ ಒಂದು ಪ್ರತಿಯಾದರೂ ಇದ್ದವರಲ್ಲಿ ಶೇ. 33 ಮಂದಿಗೆ ಖಿನ್ನತೆ ಬಂದಿತ್ತು. ಎರಡು ಪ್ರತಿಯೂ ಉದ್ದವಾಗಿದ್ದವರಲ್ಲಿ ಶೇ. 17 ಮಂದಿಗೆ ಮಾತ್ರ. ‘ಖಿನ್ನತೆಯ ಜೀನ್’ ಸಿಕ್ಕಿತೆಂದು ಜಗತ್ತು ನಂಬಿತು.

ನಂಬಿಕೆ ನಿಲ್ಲಲಿಲ್ಲ. 2009ರಲ್ಲಿ 14 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ನಂಟು ಕಾಣಲಿಲ್ಲ. 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯಲ್ಲಿ ಇಂಥ 18 ಹೆಸರಾಂತ ಜೀನ್‌ಗಳನ್ನು ಪರೀಕ್ಷಿಸಿದರು. ಖಿನ್ನತೆಯ ಜೊತೆ ಅವುಗಳ ನಂಟು ಬೇರೆ ಯಾವುದೋ ಜೀನ್‌ಗಳಿಗಿಂತ ಹೆಚ್ಚೇನೂ ಇರಲಿಲ್ಲ. ತನ್ನ ಹೆಸರುವಾಸಿ ಫಲಿತಾಂಶವನ್ನೇ ಹೀಗೆ ಮತ್ತೆ ಒರೆಗೆ ಹಚ್ಚಿದ ವಿಜ್ಞಾನದ ಬಗ್ಗೆ ನನಗೆ ಗೌರವವಿದೆ.

ಹಾಗೆಂದು ಜೀನ್‌ಗಳ ಪಾತ್ರವೇ ಇಲ್ಲವೆ? ಇದೆ. ಒತ್ತಡ ಬಂದಾಗ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಸುತ್ತದೆ. ಅದೇ ಕಾರ್ಟಿಸಾಲ್ ಮಿದುಳಿನ ಗ್ರಾಹಕಗಳಿಗೆ ತಾಗಿದಾಗ ‘ಇನ್ನು ಸಾಕು’ ಎಂಬ ಸೂಚನೆ ಹೊರಡುತ್ತದೆ. ಎಫ್‌ಕೆಬಿಪಿ5 ಎಂಬ ಜೀನಿನ ಪ್ರೋಟೀನ್ ಹೆಚ್ಚಾದರೆ ಆ ಗ್ರಾಹಕಗಳು ಮಂದವಾಗುತ್ತವೆ, ಸೂಚನೆ ತಡವಾಗುತ್ತದೆ, ಗಾಬರಿ ಇಳಿಯುವುದಿಲ್ಲ. ಈ ಜೀನ್ ಕೂಡ ಒಂಟಿಯಾಗಿ ಯಾರ ಹಣೆಬರಹವನ್ನೂ ಬರೆಯದು. ಅವಳಿಗಳ ಅಧ್ಯಯನಗಳ ಪ್ರಕಾರ, ಜನರ ನಡುವೆ ಖಿನ್ನತೆಗೆ ತುತ್ತಾಗುವುದರಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ. 37ರಷ್ಟು ಅನುವಂಶೀಯ. ಆ ಪಾಲು ನೂರಾರು ಜೀನ್‌ಗಳಲ್ಲಿ ಹನಿಹನಿಯಾಗಿ ಹಂಚಿಹೋಗಿದೆ. ಉಳಿದದ್ದರಲ್ಲಿ ಬಾಲ್ಯವಿದೆ, ಮನೆಯಿದೆ, ಗೆಳೆತನವಿದೆ, ಕೆಲಸದ ಭದ್ರತೆಯಿದೆ.

ಆದ್ದರಿಂದ ಒಂದೆರಡು ಜೀನ್ ನೋಡಿ ನಿಮ್ಮ ಮನಸ್ಸಿನ ಗಟ್ಟಿತನ ಹೇಳುತ್ತೇವೆ ಎನ್ನುವ ಪರೀಕ್ಷೆಗೆ ಹಣ ಸುರಿಯಬೇಡಿ. ವಾರಗಟ್ಟಲೆ ನಿದ್ದೆ ಹತ್ತದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.