'ನ್' ಬಂದ್ರೆ ಔಟ್!

ನಮ್ಮ ಅಂತ್ಯಾಕ್ಷರಿ ತರಾನೇ ಜಪಾನಲ್ಲಿ 'ಶಿರಿತೋರಿ' ಇದೆ. ಕೊನೇ ಅಕ್ಷರದಿಂದ ಮುಂದಿನ ಪದ ಹೇಳ್ಬೇಕು. ಆದ್ರೆ 'ನ್'ನಲ್ಲಿ ಮುಗಿಯೋ ಪದ ಹೇಳಿದವರು ಔಟ್! ಜಪಾನೀ ಲಿಪಿಯಲ್ಲಿ 'ನ್'ಗೆ ಬೇರೇನೇ ಅಕ್ಷರ ಇದೆ, ಅದರಿಂದ ಪದ ಶುರುವಾಗಲ್ಲ, ನಮ್ಮ ಅನುಸ್ವಾರದ ಹಾಗೆ.

ಕರೋಕೆಯಲ್ಲಿ ಹಾಡಿನ ಹೆಸರುಗಳನ್ನ ಹೀಗೇ ಜೋಡಿಸಿ ಆಡಬಹುದು. ಆಗ ರಾಗಕ್ಕಿಂತ ಹೆಸರಿನ ಬಾಲ ಮುಖ್ಯ. ಕೆನ್ಶಿ ಯೊನೆಜು ಅವರ 'ಲೆಮನ್' (2018) ಎಷ್ಟೇ ಇಷ್ಟ ಇದ್ರೂ ಬೇಡ. 'ಡೀಮನ್ ಸ್ಲೇಯರ್' ನೋಡಿದವರಿಗೆಲ್ಲ ಗೊತ್ತಿರೋ 'ಗುರೆನ್‌ಗೆ' ಸೇಫ್. ಯೋಆಸೋಬಿಯ 'ಯೊರು ನಿ ಕಾಕೆರು' ಹಾಡಿದ್ರೆ ಎದುರಾಳಿಗೆ 'ರು' ಸಿಗುತ್ತೆ. ಅದರಿಂದ ಶುರುವಾಗೋ ಜಪಾನೀ ಪದಗಳು ಕಮ್ಮಿ, ನಮಗೆ 'ಣ' ಬಂದ ಹಾಗೇ ಪರದಾಟ. ಯೂಮಿ ಅರಾಯಿ ಅವರ 'ರೂಜು ನೊ ಡೆನ್‌ಗೊನ್' (1975) ನೆನಪಾಯ್ತು ಅಂತ ಖುಷಿಯಾಗಿ ಮೈಕ್ ಹಿಡಿದ್ರೋ, ಅದರ ಬಾಲದಲ್ಲೂ 'ನ್'!